ಬಣ್ಣ ಒಣಗಿದ ಮೇಲೆ

ಮಂಚದಿಂದ ಬಚ್ಚಲಿನವರೆಗೆ ಗೋಡೆಗುಂಟ ಹಾಕಿಸಿದ್ದ ಸ್ಟೀಲ್ ಕಂಬಿಯನ್ನು ಪೇಂಟರ್ ದಸ್ತಗೀರಣ್ಣ ಬಿಚ್ಚಿ, ನಡುಮನೆಯ ಮೂಲೆಗೆ ಒರಗಿಸಿಟ್ಟ.

"ಎರಡು ದಿನದ ಮಾತಕ್ಕ. ಬಣ್ಣ ಒಣಗ್ಲಿ, ಮತ್ತೆ ಬಿಗೀತೀನಿ."

ಲಕ್ವ ಹೊಡೆದ ಮೇಲೆ ಅಪ್ಪ ಆ ಕಂಬಿ ಹಿಡಿದೇ ಓಡಾಡುತ್ತಿದ್ದರು. ನಡುವೆ ನಿಂತು ಥೇಟ್ ಕಂಡಕ್ಟರನ ದನಿಯಲ್ಲಿ, "ಬಚ್ಚಲು ಸ್ಟಾಪ್, ಇಳಿಯೋರು ಮುಂದೆ ಬನ್ನಿ" ಎಂದು ಕೂಗಿ ಮನೆಯವರನ್ನೆಲ್ಲ ನಗಿಸುತ್ತಿದ್ದರು. ಅವರು ಹೋಗಿ ಮೊನ್ನೆಗೆ ವರ್ಷ ತುಂಬಿತ್ತು.

ಕಂಬಿ ಮತ್ತೆ ಗೋಡೆ ಹತ್ತಬಾರದೆಂದು ಮಗಳು ನಿಶ್ಚಯಿಸಿಬಿಟ್ಟಿದ್ದಳು. ಅಮ್ಮ ಹೊತ್ತುಗೊತ್ತಿಲ್ಲದೆ ಅದರ ಮೇಲೆ ಕೈಯಿಟ್ಟು ನಿಲ್ಲುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ.

"ಬಿಗಿಯೋದು ಬೇಡ ದಸ್ತಗೀರಣ್ಣ. ತೂತುಗಳನ್ನ ಮುಚ್ಚಿಬಿಡಿ."

"ಮುಚ್ಚಬೇಡ," ಅಂದಳು ಕುರ್ಚಿಯಲ್ಲಿ ಕೂತಿದ್ದ ಅಮ್ಮ. "ಕಂಬಿ ಬೇಕು."

"ಎಷ್ಟು ದಿನ ಅಂತಮ್ಮ ಹೀಗೆ? ಅದನ್ನ ಕಂಡಾಗೆಲ್ಲ ನಿನಗೆ ಅಪ್ಪನ ನೆನಪು."

"ನಿನಗೇನೇ ಭಾರ? ಹೊರೋದು ಗೋಡೆ ತಾನೆ."

"ಅವರು ಇನ್ನು ಬರಲ್ಲಮ್ಮ."

"ಅಷ್ಟೂ ಗೊತ್ತಿಲ್ವೇನೇ ನನಗೆ?"

ಅಮ್ಮನ ಮುಖ ನೋಡಿ ಮಗಳು ಸೋತಳು. ಇನ್ನೊಂದಷ್ಟು ದಿನ ಅಪ್ಪನ ಗುರುತು ಗೋಡೆ ಮೇಲೆ ಇದ್ದರೆ ಇರಲಿ ಎನ್ನಿಸಿತು.

"ಆಯ್ತು ಅಣ್ಣ, ಮೊದಲು ಎಲ್ಲಿತ್ತೋ ಅಲ್ಲೇ ಹಾಕಿಬಿಡಿ."

"ಅಲ್ಲಿ ಬೇಡಪ್ಪ," ಅಂದಳು ಅಮ್ಮ. "ಒಂದು ಗೇಣು ಕೆಳಗೆ ಹಾಕು. ಹಿಡ್ಕೊಂಡು ನಡೆಯೋಕೆ ಅವರ ಎತ್ತರ ನನಗೆ ಸರಿಹೋಗ್ತಿಲ್ಲ."