ನರ್ಸಕ್ಕನ ಮಧ್ಯಾಹ್ನದ ಓದು

ಸ್ಪಿರಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ಒಂದು ಬೈಬಲ್ ನೆನಪಾಗುತ್ತದೆ.

ಹಿರೇಹಡಗಲಿಯ ನಮ್ಮ ಮನೆಯ ಪಕ್ಕದ ಕೋಣೆಗೆ ನರ್ಸಕ್ಕ ಬಾಡಿಗೆಗೆ ಬಂದಿದ್ದಳು. ದಿನಾ ಮಧ್ಯಾಹ್ನ ಉಂಡ ಮೇಲೆ, ಸ್ಪಿರಿಟ್ ನಾರುವ ಕೈಯಲ್ಲಿ ಆ ದಪ್ಪ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಅಜ್ಜಿಗೆ ಅದು ಮಾಟದ ಮಂತ್ರವೆಂದೇ ಗುಮಾನಿ. ನಡುವಿನ ಹೊಸ್ತಿಲಿಗೆ ವಿಭೂತಿ ಬಳಿದು ಕಾವಲು ಕೂರುತ್ತಿದ್ದಳು.

ಒಂದು ದಿನ ನನ್ನನ್ನು ಅಟ್ಟಿದಳು. "ಏನು ಓದ್ತಾಳ ಕೇಳಿ ಬಾ. ಅದರಾಗ ನಮ್ಮ ಹೆಸರು ಐತೇನು ನೋಡು."

ಅವತ್ತು ನರ್ಸಕ್ಕ ಓದುತ್ತಿದ್ದುದು ಬರೀ ಹೆಸರುಗಳು. ಅವನ ಮಗ ಇವನು, ಇವನ ಮಗ ಮತ್ತೊಬ್ಬ.

"ಇವರೆಲ್ಲ ಯಾರು, ಅಕ್ಕಾ?"

"ಯಾರಿಗೂ ನೆನಪಿಲ್ಲದ ಮಂದಿ. ಇವತ್ತಿನ ಓದಿಗೆ ಇವರು ಬಂದಾರ. ದೇವರೇ ಇವರನ್ನ ಬಿಟ್ಟಿಲ್ಲ, ನಾ ಹೆಂಗ ಹಾಳಿ ಹಾರಿಸಲಿ?"

ಹಾಳೆ ತಿರುವಿದಾಗ ಔಷಧಿ ಚೀಟಿಯೊಂದು ಜಾರಿ ಬಿತ್ತು. ಅದರ ಹಿಂಬದಿಯಲ್ಲಿ ಓಣಿಯವರ ಹೆಸರುಗಳು. ನಡುವೆ ಅಜ್ಜಿಯದು: 'ಗಂಗಮ್ಮ, ಮೊಣಕಾಲು.'

"ಓದಿದ ಮ್ಯಾಲೆ ಇವರ ಸಲುವಾಗಿ ಬೇಡಿಕೊಳ್ತೀನಿ," ಎಂದಳು ನರ್ಸಕ್ಕ.

ಓಡಿಬಂದು ಹೇಳಿದೆ. ಅಜ್ಜಿಯ ಮುಖ ಬಿಗಿದುಕೊಂಡಿತು.

"ನೋಡಿದೇನು? ನಾ ಹೇಳಿರಲಿಲ್ಲ?" ಎನ್ನುತ್ತ ಹೊಸ್ತಿಲಿಗೆ ಇನ್ನೊಂದು ಗೆರೆ ವಿಭೂತಿ ಎಳೆದಳು. ಆಮೇಲೆ ಗೋಡೆ ಹಿಡಿದು ಕೂತು, ಮಂಡಿ ನೀವಿಕೊಳ್ಳತೊಡಗಿದಳು. ಆಚೆ ಓದು ಮುಗಿಯುತ್ತ ಬಂದಿತ್ತು.

"ಯಾವ ಕಾಲು ಅಂತ ಬರದಾಳ?"

"ಬರೀ ಮೊಣಕಾಲು ಅಂತ ಬರದಾಳ."

ಅಜ್ಜಿ ದನಿ ತಗ್ಗಿಸಿದಳು. "ಎಡಗಾಲು ಅಂತ ಹೇಳಿ ಬಾ. ಲಗೂನ ಹೋಗು."