ಬಿಚ್ಚದ ಬ್ಯಾಟರಿ ವೈರ್

ಕರೆಂಟ್ ಹೋಯಿತು. ಆಟೋ ಮೋಡ್‌ನಲ್ಲಿಟ್ಟಿದ್ದ ಜನರೇಟರ್ ತಾನಾಗಿಯೇ ಸ್ಟಾರ್ಟ್ ಆಗಿ, ಫ್ಯಾನ್ ಬೆಲ್ಟ್ ಬಿಗಿ ಮಾಡುತ್ತಿದ್ದ ಮೆಕ್ಯಾನಿಕ್ ಓಂಕಾರಪ್ಪನ ಬಲಗೈಯ ಎರಡು ಬೆರಳುಗಳನ್ನು ಕತ್ತರಿಸಿ ಎಸೆಯಿತು. ಕೈ ಹಾಕುವ ಮುಂಚೆ ಬ್ಯಾಟರಿ ವೈರ್ ಬಿಚ್ಚುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಇವತ್ತು ಹಾರನಹಳ್ಳಿಯ ಈ ಛತ್ರದ ಮ್ಯಾನೇಜರ್ ಲೋಕೇಶ ಬಿಡಲಿಲ್ಲ. "ಒಳಗೆ ಮದುವೆ ನಡೀತಾ ಐತೆ. ನೀನು ವೈರ್ ಬಿಚ್ಚಿದಾಗಲೇ ಕರೆಂಟ್ ಹೋದ್ರೆ ನನ್ನ ಮರ್ಯಾದೆ ಹೋಯ್ತದೆ. ಹಂಗೇ ಮಾಡಣ್ಣ, ನಿನಗೇನು ಹೊಸದಾ?"

ಕಿರುಚಾಟ ಕೇಳಿ ಲೋಕೇಶ ಓಡಿಬಂದ. ರಕ್ತ ನೋಡಿ ಜನರೇಟರ್ ಶೆಡ್ಡಿನ ಬಾಗಿಲಲ್ಲೇ ನಿಂತ.

"ಒಂದು ಕಾರು ತರ್ಸಪ್ಪ," ಓಂಕಾರಪ್ಪ ಬಿದ್ದ ಬೆರಳುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ ಗೋಗರೆದ. "ಬೇಗ ಹೋದ್ರೆ ಹಾಸನದಲ್ಲಿ ಹೊಲೀತಾರೆ."

"ಒಂದೇ ನಿಮಿಷ, ಬತ್ತೀನಿ. ಶುಭಕಾರ್ಯ ಕಣಣ್ಣ, ಸ್ವಲ್ಪ ಮೆತ್ತಗೆ ಕೂಗು," ಎಂದು ಲೋಕೇಶ ಒಳಗೋಡಿದ.

ಓಂಕಾರಪ್ಪ ಹಲ್ಲು ಕಚ್ಚಿಕೊಂಡು ಗೇಟಿನ ಕಡೆ ನೋಡುತ್ತ ಕೂತ. ತಡೆಯಲಾಗದೆ ಮತ್ತೆ ಕಿರುಚಿದ. ಕಾರು ಬರಲಿಲ್ಲ. ಜನರೇಟರಿನ ಸದ್ದನ್ನೂ ಮೀರಿ, ಛತ್ರದೊಳಗಿನ ಡೋಲು ನಾಗಸ್ವರ ಒಮ್ಮೆಲೇ ಗಟ್ಟಿಮೇಳಕ್ಕೆ ಏರಿದವು. ತಾಳಿ ಕಟ್ಟಲು ಇನ್ನೂ ಅರ್ಧ ಗಂಟೆ ಇತ್ತು.