ಬಲಗೈಲಿ ಕೂಡಿಸಿದ ಸ್ಟ್ಯಾಂಡು

ಹೃಷಿಕೇಶ್ ಡ್ರಿಲ್ ಮಷೀನಿನ ಗುಂಡಿ ಒತ್ತಿದ್ದೇ ತಡ, ಹಲಗೆಯೊಳಗೆ ಕರ್ರೆಂದು ಸದ್ದಾಯಿತು. ಸ್ಕ್ರೂ ಎಲ್ಲೂ ಕಚ್ಚದೆ ಗಿರಗಿರ ತಿರುಗಿತು. ತೂತಿನ ಬಾಯಿಂದ ರವೆಯಂಥ ಮರದ ಪುಡಿ ಉದುರಿತು.

"ಹೋಯ್ತು. ಕಾಸಿಗೆ ತಕ್ಕ ಕಜ್ಜಾಯ," ಎಂದ. ಸ್ಪೀಕರುಗಳಿಗೆಂದು ತಂದ ಜೋಡಿ ಸ್ಟ್ಯಾಂಡು. ಮೇಲೊಂದು ಹಲಗೆ, ನಡುವೆ ಕಂಬ, ಕೆಳಗೆ ಪೀಠ. ಎಲ್ಲ ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿತ್ತು.

ಸೋಫಾದಲ್ಲಿ ಕೂತಿದ್ದ ಸ್ನೇಹಲ್ ಎದ್ದು ಬಂದಳು. ನಾಲ್ಕು ತಿಂಗಳ ಹಿಂದೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಲು ಹೋಗಿ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತು. ಒಳಗೆ ಉಕ್ಕಿನ ಪಟ್ಟಿ ಹಾಕಿ ಕೂಡಿಸಿದ್ದರು. ಅಂದಿನಿಂದ ಗಂಡ ಅವಳ ಕೈಗೆ ನೀರಿನ ಕೊಡವಿರಲಿ, ಚಪಾತಿಯ ಲಟ್ಟಣಿಗೆಯನ್ನೂ ಕೊಟ್ಟಿರಲಿಲ್ಲ. ಮೂಳೆ ಚೆನ್ನಾಗಿ ಕೂಡಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಮೊನ್ನೆ ಹೇಳಿದ್ದರು. ನಾಳೆ ಸೋಮವಾರದಿಂದ ಠಾಣೆಯ ಆಫೀಸಿಗೆ ಹೊರಡುತ್ತೇನೆಂದು ಅವಳು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದ್ದಳು. ಇನ್ನೂ ಮೂರು ತಿಂಗಳು ರಜೆ ಹಾಕು ಎಂದು ಅವನು ತಟ್ಟೆ ನೋಡುತ್ತಲೇ ಹೇಳಿದ್ದ. ಆಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಸರೀರಿ, ಇನ್ನ ನಾ ಮಾಡ್ತೀನಿ."

"ಆ ಕೈಯಲ್ಲಾ? ನನ್ನ ಕೈಲೇ ಆಗಲಿಲ್ಲ."

"ನಿಮ್ಮ ಕೈಯಾಗ ಬಲ ಭಾಳ ಅದ. ಅದಕ್ಕ ಆಗಲಿಲ್ಲ," ಎಂದಳು ಸ್ನೇಹಲ್. ತಮಾಷೆಗೆ ಹೇಳಿದ್ದಲ್ಲ.

ಅವಳು ನೆಲಕ್ಕೆ ಹಳೆಯ ದುಪ್ಪಟಿ ಹಾಸಿ ಹಲಗೆಗಳನ್ನು ಒಂದೊಂದಾಗಿ ಅದರ ಮೇಲೆ ಸರಿಸಿದಳು. ಕಡ್ಡಿಪೆಟ್ಟಿಗೆಯ ನಾಲ್ಕು ಕಡ್ಡಿಗಳ ಮದ್ದಿನ ತಲೆ ಮುರಿದು, ಫೆವಿಕಾಲಿನಲ್ಲಿ ಅದ್ದಿ, ಕೆಟ್ಟ ತೂತಿಗೆ ತುರುಕಿ ಒಣಗಲು ಬಿಟ್ಟಳು. ಎರಡನೆಯ ಸ್ಟ್ಯಾಂಡು ಹತ್ತಿರ ಎಳೆದುಕೊಂಡಳು. ಡ್ರಿಲ್ ಕಡೆ ನೋಡಲೂ ಇಲ್ಲ; ಸಾದಾ ಸ್ಕ್ರೂಡ್ರೈವರನ್ನು ಬಲಗೈಲಿ ಹಿಡಿದಳು. ಮೇಲಿನ ಹಲಗೆಯ ನಾಲ್ಕೂ ಸ್ಕ್ರೂಗಳನ್ನು ಮೊದಲು ಬೆರಳಲ್ಲೇ ನೆಟ್ಟಗೆ ಕೂರಿಸಿ, ಆಮೇಲೆ ಇದಕ್ಕೆ ಅರ್ಧ ಸುತ್ತು, ಎದುರಿನದಕ್ಕೆ ಅರ್ಧ ಸುತ್ತು ಎಂದು ಸಮನಾಗಿ ಇಳಿಸುತ್ತ ಹೋದಳು. ಸ್ಕ್ರೂವಿನ ತಲೆ ಹಲಗೆಗೆ ತಾಗಿದ ಕೂಡಲೇ ನಿಲ್ಲಿಸಿದಳು.

"ಇನ್ನೊಂದು ಸುತ್ತು ಬಿಗಿ ಮಾಡು. ಅಲ್ಲಾಡುತ್ತೆ."

"ಇದು ಸಾಗವಾನಿ ಅಲ್ಲರಿ, ಪುಡಿ ಒತ್ತಿ ಮಾಡಿದ್ದು. ಇನ್ನೊಂದು ಸುತ್ತಿಗೆ ಬಾಯಿ ಬಿಡ್ತದ."

ಪೀಠದ ನಾಲ್ಕು ಸ್ಕ್ರೂಗಳಲ್ಲಿ ಮೂರನೆಯದಕ್ಕೆ ಬಂದಾಗ ಮಣಿಕಟ್ಟಿನಿಂದ ಮೊಳಕೈವರೆಗೆ ನೋವು ಸರ್ರನೆ ಏರಿತು. ಮೊದಲಿನ ಸ್ನೇಹಲ್ ಆಗಿದ್ದರೆ ಹಲ್ಲು ಕಚ್ಚಿ ಮುಗಿಸಿಬಿಡುತ್ತಿದ್ದಳು. ಈಗ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟಳು. ಹೃಷಿಕೇಶನ ಕಣ್ಣು ತನ್ನ ಮುಖದ ಮೇಲೇ ಇದೆಯೆಂದು ಅವಳಿಗೆ ಗೊತ್ತಿತ್ತು.

"ನೋವಾ?"

"ಹೂಂ. ಹತ್ತು ನಿಮಿಷ ಕೂಡ್ತೀನಿ."

ನೋಡು, ನಾನು ಹೇಳಲಿಲ್ಲವಾ ಎಂಬ ಮಾತಿಗೆ ಅವಳು ಕಾದಳು. ಅವನು ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿಕೊಂಡು ಬಂದ. ಕುಡಿದು, ಬೆರಳು ಬಿಚ್ಚಿ ಮಡಿಚಿ ನೋಡಿಕೊಂಡು, ಉಳಿದ ಎರಡು ಸ್ಕ್ರೂ ಅವಳೇ ಕೂರಿಸಿದಳು.

"ಎತ್ತಿ ನಿಲ್ಲಿಸೂದು ನನ್ನ ಕೈಲಿ ಆಗೂದಿಲ್ಲ, ನೀವು ಎತ್ರಿ. ಮ್ಯಾಲಿನ ಹಲಗಿ ಹಿಡದು ಎಳೀಬ್ಯಾಡ್ರಿ, ಕೆಳಗ ಕೈ ಕೊಡ್ರಿ."

ಅವನು ಹೇಳಿದಂತೆಯೇ ಎತ್ತಿ ಗೋಡೆಯ ಬದಿಗೆ ನಿಲ್ಲಿಸಿದ. ಬೆರಳಿಂದ ತಳ್ಳಿ ನೋಡಿದ. ಅಲ್ಲಾಡಲಿಲ್ಲ. ಸಂಜೆಯ ಹೊತ್ತಿಗೆ ಫೆವಿಕಾಲ್ ಒಣಗಿ ಕಲ್ಲಾಗಿತ್ತು. ಕೆಟ್ಟ ತೂತಿನಲ್ಲೂ ಸ್ಕ್ರೂ ಕಚ್ಚಿ ನಿಂತಿತು. ಎರಡರ ಮೇಲೂ ಸ್ಪೀಕರ್ ಏರಿತು.

ವೈರು ಸಿಕ್ಕಿಸುತ್ತಿದ್ದ ಹೃಷಿಕೇಶ್ ತಿರುಗದೆಯೇ ಹೇಳಿದ, "ಕೈ ವಾಸಿಯಾಗಿಲ್ಲ ಅಂತ ನಾನು ಆಫೀಸು ಬೇಡ ಅಂದಿದ್ದಲ್ಲ. ನೋವಾದ್ರೂ ನೀನು ಬಾಯಿ ಬಿಡಲ್ಲ. ಅದೇ ಭಯ ನನಗೆ."

"ಇವತ್ತ ಹೇಳಿದ್ನಲ್ಲ."

"ಹೇಳಿದೆ." ವೈರಿನ ತುದಿ ಒತ್ತಿ ಕೂರಿಸಿ ಕೇಳಿದ, "ನಾಳೆ ಎಷ್ಟು ಗಂಟೆ ಗಾಡಿ?"

ಸೋಮವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಿ ನಿಲ್ಲುವ ಜಾಗದವರೆಗೂ ಅವನು ಬಂದ. ಠಾಣೆಯಾಚೆಯ ರಬಾಳೆಯಲ್ಲಿ ಅವನ ಕೆಲಸ. ಠಾಣೆಯವರೆಗೆ ಇಬ್ಬರಿಗೂ ಒಂದೇ ದಾರಿ. ಬಂದ ಗಾಡಿಯ ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು. ದಿನದ ರೂಢಿ, ಅವನು ಪಕ್ಕದ ಗಂಡಸರ ಡಬ್ಬಿಯತ್ತ ಧಾವಿಸಲು ಕಾಲು ಮುಂದಿಟ್ಟ. ಸ್ನೇಹಲ್ ಬಲಗೈಲಿ ಅವನ ತೋಳು ಹಿಡಿದಳು.

"ತಡೀರಿ. ಇದು ಬ್ಯಾಡ, ಮುಂದಿನ ಗಾಡಿಗೆ ಹೋಗೂಣು."

ಗಾಡಿ ಹೊರಟುಹೋಗಿ ಪ್ಲಾಟ್‌ಫಾರ್ಮು ಸ್ವಲ್ಪ ಖಾಲಿಯಾದ ಮೇಲೂ ಅವಳು ಹಿಡಿತ ಸಡಿಲಿಸಲಿಲ್ಲ.